ಹಲಸಿನ ಮರಕ್ಕೆ ಜಪಾನಿನಲ್ಲಿ ನಡೆದ ಚೌಕಾಸಿ

ಮಡಿಕೇರಿ ಬಿಡುವ ಮುಂಚೆ

ವಿದೇಶಕ್ಕೆ ಹೋಗುವವರಿಗೆ ನನ್ನ ಮೊದಲ ಸಲಹೆ: ಹೋಗುವ ಸುದ್ದಿಯನ್ನು ಆಟೋ ಸ್ಟ್ಯಾಂಡಿನಲ್ಲಿ ಹೇಳಬೇಡಿ. ನಾನು ಹೇಳಿ ಕೆಟ್ಟೆ.

"ಸರೋಜಕ್ಕ, ಜಪಾನಲ್ಲಿ ಭೂಮಿ ಅಲ್ಲಾಡ್ತದಂತೆ?" ಅಂತ ಕೇಶವಣ್ಣ ಆಟೋದೊಳಗಿಂದಲೇ ಕೂಗಿದ.

"ಇಲ್ಲಿ ಗುಡ್ಡವೇ ಜಾರ್ತದೆ, ನಾವು ಬದುಕಿಲ್ವಾ?" ಅಂದೆ.

"ಅದೂ ಸರಿ. ಆದ್ರೆ ಇಲ್ಲಿ ಜಾರಿದ್ರೆ ನಮ್ಮೋರು ಎತ್ತಾಕ್ತಾರೆ. ಅಲ್ಲಿ ನಿಮ್ಮನ್ನ ಯಾರು ಎತ್ತೋದು?"

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೇನು, ಕರಿಮೆಣಸು, ಏಲಕ್ಕಿ, ಹೋಮ್‌ಮೇಡ್ ಚಾಕೊಲೇಟ್, ಜೊತೆಗೆ ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಮಕ್ಕಳ ಪುಸ್ತಕಗಳು. ಪುಸ್ತಕ ಮಾತ್ರ ಇಟ್ಟರೆ ಯಾರೂ ಒಳಗೆ ಕಾಲಿಡುವುದಿಲ್ಲ. ಜೇನು ಮಾತ್ರ ಇಟ್ಟರೆ ನನಗೆ ಸಮಾಧಾನವಿಲ್ಲ. ಹಾಗಾಗಿ ಜೇನು ಕೊಂಡವರ ಚೀಲಕ್ಕೆ ಒಂದು ಪುಸ್ತಕ ಸೇರಿಸಿ, "ಮಕ್ಕಳಿಗೆ ಓದಿ ಹೇಳಿ, ಇಷ್ಟ ಆಗದಿದ್ರೆ ವಾಪಸ್ ತನ್ನಿ" ಅನ್ನುತ್ತೇನೆ. ಪ್ರವಾಸಿಗಳು ವಾಪಸ್ ಬರುವುದಿಲ್ಲ ಅನ್ನುವುದು ನನಗೆ ಗೊತ್ತಿರುವ ವಿಷಯ.

ಹೀಗೆಯೇ ನನ್ನ ಕಮಲಿಯ ಕಥೆ ಮಿಚಿಕೊ ಎಂಬ ಜಪಾನಿ ಹೆಂಗಸಿನ ಚೀಲ ಸೇರಿತು. ಆಕೆ ವಯಸ್ಸಿನಲ್ಲಿ ನನಗಿಂತ ಹಿರಿಯರು. ಎಷ್ಟೋ ವರ್ಷಗಳ ಹಿಂದೆ ಮೈಸೂರಿನಲ್ಲಿದ್ದು ವ್ಯಾಕರಣ ಪುಸ್ತಕ ಹಿಡಿದು ಕನ್ನಡ ಕಲಿತವರು. ಅವರು ಪುಸ್ತಕ ವಾಪಸ್ ತರಲಿಲ್ಲ. ಜಪಾನಿ ಭಾಷೆಗೆ ತಂದು ಟೋಕಿಯೊದ ಒಬ್ಬ ಪ್ರಕಾಶಕರ ಮುಂದಿಟ್ಟರು. ಪ್ರಕಾಶಕರಿಂದ ಕರೆ ಬಂತು: ಲೇಖಕಿ ಬಂದು ಎರಡು ಶಾಲೆಗಳಲ್ಲಿ ಮಕ್ಕಳಿಗೆ ಕಥೆ ಹೇಳಲಿ, ಮಕ್ಕಳು ಏನನ್ನುತ್ತಾರೋ ನೋಡಿ ಅಚ್ಚು ಹಾಕುವ ವಿಷಯ ತೀರ್ಮಾನಿಸೋಣ.

ಕಥೆ ಇಷ್ಟೇ. ಎಸ್ಟೇಟಿನ ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿರುವ ಕಮಲಿ, ಅಂಗಳದ ಮರದ ಹಲಸಿನಕಾಯಿಗಳನ್ನು ಹಣ್ಣಾಗುವ ಮುಂಚೆಯೇ ಉದ್ದ ದೋಟಿ ಕೋಲು ಹಿಡಿದು ಒಂದೂ ಬಿಡದೆ ಇಳಿಸುತ್ತಾಳೆ. ಸಂಜೆ ಆನೆ ಬರುತ್ತದೆ, ಮೂಸುತ್ತದೆ, ಏನೂ ಸಿಗದೆ ಹೊರಟುಹೋಗುತ್ತದೆ. ಲೈನಿನವರೆಲ್ಲ ಎಳೆ ಹಲಸಿನ ಪಲ್ಯ ತಿನ್ನುತ್ತಾರೆ. ಚೆಟ್ಟಳ್ಳಿ ಕಡೆಯ ನಮ್ಮ ಮನೆಯಲ್ಲಿ ಇದು ಕಥೆಯೇ ಅಲ್ಲ, ಪ್ರತಿ ವರ್ಷದ ಕೆಲಸ. ಹಣ್ಣಿನ ವಾಸನೆ ಹಿಡಿದರೆ ಆನೆ ಅಡಿಗೆಮನೆಯ ಗೋಡೆಯನ್ನೂ ಕೇಳುವುದಿಲ್ಲ.

ಹೊರಡುವ ದಿನ ನಮ್ಮ ಮನೆಯವರು ಒಂದೇ ಮಾತು ಹೇಳಿದರು: "ಅಲ್ಲಿ ಚೌಕಾಸಿ ಮಾಡೋಕೆ ಹೋಗ್ಬೇಡ ಮಾರಾಯ್ತಿ. ಕಾಫಿ ಪಿಕ್ಕಿಂಗ್ ಶುರು ಆಗುವಷ್ಟರಲ್ಲಿ ಬಾ, ಸಾಕು."

ವಿಮಾನ ಇಳಿದ ಜಾಗ

ಪೆಟ್ಟಿಗೆಗಾಗಿ ಕಾಯುತ್ತಿದ್ದಾಗ ಜೋಲುಕಿವಿಯ ಸಣ್ಣದೊಂದು ನಾಯಿ ಬಂದು ನನ್ನ ಕೈಚೀಲದ ಮುಂದೆ ಶಿಸ್ತಾಗಿ ಕುಳಿತಿತು. ನಾಯಿಗಳಿಗೆ ನನ್ನ ಮೇಲೆ ಮೊದಲಿನಿಂದಲೂ ಪ್ರೀತಿ. ತಲೆ ಸವರಿದೆ. ಅದರ ಹಿಂದಿದ್ದ ಹುಡುಗಿ ಯೂನಿಫಾರ್ಮ್ ಹಾಕಿದ್ದಾಳೆ ಅನ್ನುವುದು ಆಮೇಲೆ ಕಣ್ಣಿಗೆ ಬಿತ್ತು.

ಚೀಲದಲ್ಲಿ ಮಕ್ಕಳಿಗೆ ತೋರಿಸಲು ತಂದ ಹಲಸಿನ ಬೀಜಗಳಿದ್ದವು. ಬೀಜ ಈ ದೇಶದೊಳಗೆ ಬರುವಂತಿಲ್ಲವಂತೆ. ನಾನು ಕೈಸನ್ನೆಯಲ್ಲಿ ವ್ಯಾಪಾರಕ್ಕಿಳಿದೆ. ಅರ್ಧ ನೀವಿಟ್ಟುಕೊಳ್ಳಿ, ಅರ್ಧ ನನಗಿರಲಿ. ಹುಡುಗಿ ಸೊಂಟ ಬಗ್ಗಿಸಿ ವಂದಿಸಿದಳು. ಸರಿ, ಹತ್ತು ಬೀಜ. ಇನ್ನೂ ಕೆಳಕ್ಕೆ ಬಗ್ಗಿದಳು. ಒಂದೇ ಒಂದು, ಬೇಯಿಸಿ ಕೊಡುತ್ತೇನೆ. ಈ ಸಲ ಎಷ್ಟು ಬಗ್ಗಿದಳೆಂದರೆ ನನಗೇ ನಾಚಿಕೆಯಾಗಿ ನಾನೂ ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಅಷ್ಟೂ ಬೀಜ ಪ್ಲಾಸ್ಟಿಕ್ ಚೀಲ ಸೇರಿಯಾಗಿತ್ತು. ಮೆಣಸಿನ ವ್ಯಾಪಾರದಲ್ಲಿ ಬೈಯುವವರನ್ನು ಕಂಡಿದ್ದೇನೆ, ಎದ್ದುಹೋಗುವವರನ್ನು ಕಂಡಿದ್ದೇನೆ. ವಂದಿಸಿ ವಂದಿಸಿ ಗೆಲ್ಲುವವರನ್ನು ಕಂಡದ್ದು ಇದೇ ಮೊದಲು. ಹಲಸಿನ ಚಿಪ್ಸ್ ಮಾತ್ರ ಉಳಿಯಿತು. ಎಣ್ಣೆಯಲ್ಲಿ ಕರಿದದ್ದನ್ನು ನಾಯಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊರಗೆ ಮಿಚಿಕೊ ಕಾಯುತ್ತಿದ್ದರು. "ಸರೋಜಾ ಅವರೇ, ತಮ್ಮ ಪ್ರಯಾಣವು ಸುಖಕರವಾಗಿತ್ತೆಂದು ಭಾವಿಸುತ್ತೇನೆ," ಅಂದರು.

"ಎಂತ ಸುಖ ಮಾರಾಯ್ರೆ, ಬೀಜ ಹೋಯ್ತು," ಅಂದೆ. ಅವರು ಪುಟ್ಟ ಪುಸ್ತಕ ತೆಗೆದು 'ಎಂತ' ಎಂದು ಬರೆದುಕೊಂಡರು.

ಟೋಕಿಯೊ, ಪ್ರಕಾಶಕರ ಕಚೇರಿ

ಸಂಪಾದಕರ ಹೆಸರು ತನಾಕ. ತೆಳ್ಳಗಿನ ಮನುಷ್ಯ, ಮಾತು ಅದಕ್ಕಿಂತ ತೆಳು. ಚಿತ್ರಕಾರರು ಬರೆದಿದ್ದ ಕರಡು ಚಿತ್ರಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಎಲ್ಲ ಚೆನ್ನಾಗಿತ್ತು, ಕೊನೆಯ ಪುಟ ಬರುವವರೆಗೆ. ಅಲ್ಲಿ ಕಮಲಿ ಹಲಸಿನ ಹಣ್ಣು ಹಿಡಿದು ನಿಂತಿದ್ದಳು. ಆನೆ ಸೊಂಡಿಲು ಚಾಚಿ ಅದನ್ನು ಅವಳ ಕೈಯಿಂದಲೇ ತೆಗೆದುಕೊಳ್ಳುತ್ತಿತ್ತು. ಇಬ್ಬರೂ ನಗುತ್ತಿದ್ದರು.

"ಇದು ನನ್ನ ಕಥೆಯಲ್ಲಿ ಇಲ್ಲ," ಅಂದೆ.

ಆನೆಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಇಲ್ಲಿನ ಮಕ್ಕಳಿಗೆ ಕ್ರೂರ ಅನ್ನಿಸಬಹುದು, ಇಬ್ಬರೂ ಸ್ನೇಹಿತರಾದರೆ ಒಳ್ಳೆಯದು ಎಂದು ತನಾಕ ಮಿಚಿಕೊ ಮೂಲಕ ಹೇಳಿದರು.

ಚೌಕಾಸಿಗೆ ಒಂದು ಸೂತ್ರವಿದೆ, ಓದುಗರು ಬರೆದಿಟ್ಟುಕೊಳ್ಳಬಹುದು. ನಮಗೆ ಬೇಡದ್ದನ್ನು ಮೊದಲು ಬಿಟ್ಟುಕೊಡಬೇಕು, ಆದರೆ ಕರುಳು ಕಿತ್ತುಬಂದಂತೆ ಬಿಟ್ಟುಕೊಡಬೇಕು. ಪುಸ್ತಕದ ಹೆಸರನ್ನು ಬಿಟ್ಟೆ. ಕಮಲಿಯ ಕೆಂಪು ಲಂಗ ಹಳದಿಯಾಗಲು ಬಿಟ್ಟೆ. ಕಥೆಯಲ್ಲಿದ್ದ ಲೈನ್ ಮನೆಯ ನಾಯಿಯನ್ನಂತೂ ಕಣ್ಣು ಒರೆಸಿಕೊಂಡು ಬಿಟ್ಟೆ. ಪ್ರತಿಯೊಂದಕ್ಕೂ ತನಾಕ ತಲೆಬಾಗಿದರು. ಆಮೇಲೆ ಕೊನೆಯ ಪುಟದ ಮೇಲೆ ಬೆರಳಿಟ್ಟೆ. ಅವರು ಖಾರ ಕಚ್ಚಿದವರ ಹಾಗೆ ಹಲ್ಲಿನ ಸಂದಿಯಿಂದ ಗಾಳಿಯನ್ನು ಒಳಗೆಳೆದುಕೊಂಡರು.

"ಇದು ಎಂತ?" ಅಂತ ಮಿಚಿಕೊ ಅವರನ್ನು ಕೇಳಿದೆ.

"ಇದು ನಿರಾಕರಣೆಯ ಪೂರ್ವಸೂಚನೆಯಾಗಿದೆ," ಅಂದರು ಅವರು.

ನನ್ನ ಮಾತನ್ನು ಸ್ಪಷ್ಟವಾಗಿಯೇ ಹೇಳಿದೆ. ನಮ್ಮ ಕಡೆ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ನಿಜವಾದ ಆನೆ ನಿಂತಿರುತ್ತದೆ. ಈ ಚಿತ್ರ ನೋಡಿದ ಒಂದು ಮಗು ಹಣ್ಣು ಹಿಡಿದು ಅದರ ಹತ್ತಿರ ಹೋದರೆ, ಆ ಮಗುವಿನ ತಾಯಿಗೆ ನಾನು ಏನು ಹೇಳಲಿ? ಪುಸ್ತಕ ಜಪಾನಿನಲ್ಲಿ ಬರಬೇಕೆಂದು ನನಗೆ ಬಹಳ ಆಸೆ. ಆದರೆ ಈ ಪುಟದೊಂದಿಗೆ ಬೇಡ.

ತನಾಕ ಚಿತ್ರಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದರು. ಆಮೇಲೆ, "ಮಕ್ಕಳನ್ನು ಕೇಳೋಣ," ಅಂದರು.

ಟೋಕಿಯೊ, ಮೂರನೇ ತರಗತಿ

ಶಾಲೆಯ ಬಾಗಿಲಲ್ಲಿ ಚಪ್ಪಲಿ ಕಳಚಿಸಿ ಅತಿಥಿಗಳ ಸ್ಲಿಪ್ಪರ್ ಕೊಟ್ಟರು. ಸೀರೆ ಉಟ್ಟು ಆ ಸ್ಲಿಪ್ಪರಿನಲ್ಲಿ ಮೆಟ್ಟಿಲು ಹತ್ತುವುದು ಸುಲಭವಲ್ಲ. ಒಂದು ಸ್ಲಿಪ್ಪರ್ ನನಗಿಂತ ಮೊದಲೇ ಕೆಳಗೆ ಹೋಗಿ ಮುಖ್ಯೋಪಾಧ್ಯಾಯರ ಕಾಲಬಳಿ ನಿಂತಿತು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಪ್ರಸಾದದ ಹಾಗೆ ಕೊಟ್ಟರು.

ಊಟವನ್ನು ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಬಡಿಸಿದರು. ಆ ದಿನ ಒಬ್ಬ ಹುಡುಗ ಶಾಲೆಗೆ ಬಂದಿರಲಿಲ್ಲವಾದ್ದರಿಂದ ಒಂದು ಪುಡ್ಡಿಂಗ್ ಉಳಿಯಿತು. ನನ್ನ ಹಾಲಿನ ಪೊಟ್ಟಣವನ್ನು ಅದಕ್ಕೆ ಬದಲಾಗಿ ಕೊಡುತ್ತೇನೆಂದು ಕೇಳಿದೆ. ತರಗತಿ ಗಾಬರಿಯಿಂದ ಟೀಚರ ಮುಖ ನೋಡಿತು. ಇಲ್ಲಿ ಉಳಿದದ್ದನ್ನು ಅದಲುಬದಲು ಮಾಡುವಂತಿಲ್ಲ. ಬೇಕಾದವರೆಲ್ಲ ನಿಂತು ಕಲ್ಲು, ಕತ್ತರಿ, ಕಾಗದ ಎಂದು ಕೈ ತೋರಿಸಿ ಗೆಲ್ಲಬೇಕು. ನಾನೂ ಎದ್ದು ನಿಂತೆ. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿಯೊಬ್ಬಳು ಮೊದಲ ಸುತ್ತಿನಲ್ಲೇ ನನ್ನನ್ನು ಸೋಲಿಸಿ, ನನ್ನೆದುರೇ ಕೂತು, ಇಡೀ ಪುಡ್ಡಿಂಗ್ ತಿಂದಳು.

ನಾನು ಕಥೆ ಓದಿದೆ, ಮಿಚಿಕೊ ಅದನ್ನು ಜಪಾನಿಯಲ್ಲಿ ಹೇಳಿದರು. ಮಕ್ಕಳು ಕದಲದೆ ಕೇಳಿದರು. ನಮ್ಮಲ್ಲಿ ಇಷ್ಟು ಹೊತ್ತಿಗೆ ಇಬ್ಬರು ನೀರು ಕುಡಿಯಲು, ಒಬ್ಬ ಸುಮ್ಮನೆ, ಹೊರಗೆ ಹೋಗಿಬಂದಿರುತ್ತಾರೆ. ಮುಗಿದ ಮೇಲೆ ಎಲ್ಲರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಮಿಚಿಕೊ ಓದಿ ಹೇಳಿದರು.

"'ಆನೆಗೆ ಬಹಳ ಹಸಿವಾಗಿದೆ. ಕಮಲಿಯು ದುಷ್ಟಳು.'"

"ಇನ್ನೊಂದು?"

"'ಆನೆಯು ನಮ್ಮ ಮನೆಗೆ ಆಗಮಿಸಲಿ. ನನ್ನ ಭೋಜನವನ್ನು ಕೊಡುವೆನು.'"

ಅದನ್ನು ಬರೆದ ಹುಡುಗನನ್ನು ಕರೆದು, ನಿಮ್ಮ ಮನೆ ಎಲ್ಲಿ ಎಂದು ಕೇಳಿಸಿದೆ. ಹನ್ನೊಂದನೇ ಮಹಡಿಯಂತೆ. ಹನ್ನೊಂದನೇ ಮಹಡಿಯಲ್ಲಿದ್ದರೆ ನಾನೂ ಆನೆಯನ್ನು ಊಟಕ್ಕೆ ಕರೆಯುತ್ತಿದ್ದೆ.

ತನಾಕ ಚೀಟಿಗಳನ್ನು ಅಂಚಿಗೆ ಅಂಚು ಹೊಂದಿಸಿ ಲಕೋಟೆಗೆ ಹಾಕಿದರು. ಗೆದ್ದ ಮುಖವನ್ನು ತೋರಿಸಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು. ಉಳಿದದ್ದು ಒಂದೇ ಶಾಲೆ.

ಉತ್ತರದ ಗುಡ್ಡದ ಊರು

ರೈಲು ಉತ್ತರಕ್ಕೆ ಹೋದಂತೆ ಗುಡ್ಡಗಳು ಹತ್ತಿರ ಬಂದವು. ಕೊನೆಗೆ ಒಂದು ಸಣ್ಣ ಬಸ್ಸು, ತಿರುವು ದಾರಿ, ಮಂಜು. ಕಾಫಿ ಗಿಡ ಒಂದಿಲ್ಲ ಅನ್ನುವುದು ಬಿಟ್ಟರೆ ಮನೆಗೇ ಬಂದ ಹಾಗಿತ್ತು. ತನಾಕ ವಾಂತಿ ಬರುವವರ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ತಿರುವು ಬಂದಾಗ ಕಿಟಕಿಯ ಹೊರಗೆ ದೂರ ನೋಡಿ, ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಳ್ಳಿ ಎಂದು ಹೇಳಿ ಕೊಟ್ಟೆ. ಸಂಪಾದಕರಾದರೇನು, ಘಾಟಿ ಎಲ್ಲರಿಗೂ ಒಂದೇ.

ಬಸ್ಸಿಳಿದಾಗ ಗಲಗಲ ಸದ್ದು. ಶಾಲೆಗೆ ಹೋಗುತ್ತಿದ್ದ ಮಕ್ಕಳ ಬೆನ್ನಿನ ಚೀಲಗಳಿಗೆಲ್ಲ ಗಂಟೆ ಕಟ್ಟಿದ್ದರು.

"ನಮ್ಮಲ್ಲಿ ಇದನ್ನು ದನಕ್ಕೆ ಕಟ್ಟುತ್ತೇವೆ," ಅಂದೆ.

"ಇದು ಕರಡಿಗಾಗಿ," ಅಂದರು ಮಿಚಿಕೊ. ಸದ್ದು ಕೇಳಿದರೆ ಕರಡಿ ದಾರಿ ಬಿಡುತ್ತದಂತೆ. ಅಷ್ಟರಲ್ಲಿ ಕಂಬದ ಮೇಲಿನ ಮೈಕ್ ಏನೋ ಕೂಗಿತು: ಬೆಳಿಗ್ಗೆ ದೇವಸ್ಥಾನದ ಹಿಂದೆ ಕರಡಿ ಕಾಣಿಸಿದೆ, ಹುಷಾರಾಗಿರಿ. ನನಗೆ ಆನಂದವಾಯಿತು ಅಂದರೆ ತಪ್ಪಾಗುತ್ತದೆ. ಆದರೆ ಆನೆ ಬಂದರೆ ತಿಳಿಸುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ 'ಸೇತುವೆ ಹತ್ತಿರ ಎರಡು ದೊಡ್ಡದು, ಒಂದು ಮರಿ' ಎಂದು ಬರುವ ಸಂದೇಶ ನೆನಪಾಗಿ, ಕೊನೆಗೂ ಮಾತು ಅರ್ಥವಾಗುವ ಜನ ಸಿಕ್ಕರು ಅನ್ನಿಸಿತು.

ಇಡೀ ಶಾಲೆ ಒಂದೇ ಕೋಣೆಯಲ್ಲಿ ಕೂತಿತು, ಅಷ್ಟು ಕಡಿಮೆ ಮಕ್ಕಳು. ಕಥೆ ಮುಗಿಯಿತು. ಯಾರೂ ಆನೆ ಪಾಪ ಅನ್ನಲಿಲ್ಲ. ಹಾನಾ ಎಂಬ ಒಂಬತ್ತು ವರ್ಷದ ಹುಡುಗಿ ಕೈ ಎತ್ತಿದಳು.

"ದೋಟಿಯ ತುದಿಯಲ್ಲಿ ಕೊಕ್ಕೆಯೋ, ಸೀಳಿದ ಬಿದಿರೋ?"

ಇಪ್ಪತ್ತು ಪುಸ್ತಕ ಬರೆದಿದ್ದೇನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೊಕ್ಕೆ, ಜೊತೆಗೆ ಒಂದು ಕತ್ತಿ ಅಂದೆ. ಅವರದು ಸೀಳಿದ ಬಿದಿರಂತೆ. ಇಲ್ಲಿ ಊರಿನ ಅಂಗಳಗಳಲ್ಲೆಲ್ಲ ಕಾಕಿ ಎಂಬ ಕಿತ್ತಳೆ ಬಣ್ಣದ ಹಣ್ಣಿನ ಮರಗಳು. ಅದು ಮಾಗಿದರೆ ಕರಡಿ ಊರೊಳಗೆ ಬರುತ್ತದೆ. ಹಾಗಾಗಿ ಶಾಲೆಯ ಮಕ್ಕಳೂ ಮುದುಕರೂ ಸೇರಿ ಹಣ್ಣು ಇಳಿಸುತ್ತಾರೆ.

ತನಾಕ ತಾವೇ ಬಾಯಿ ಬಿಟ್ಟು ಕೇಳಿದರು: ಕರಡಿಗೆ ಹಸಿವಾಗುವುದಿಲ್ಲವೇ? ಕಮಲಿ ಮಾಡಿದ್ದು ಕ್ರೂರ ಅನ್ನಿಸಲಿಲ್ಲವೇ?

ಹಾನಾ ಅವರನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದಳು. "ಊರೊಳಗೆ ಬಂದ ಕರಡಿಯನ್ನು ಗುಂಡು ಹಾಕಿ ಕೊಲ್ಲುತ್ತಾರೆ. ನಾವು ಹಣ್ಣು ಕಿತ್ತರೆ ಅದು ಬರುವುದಿಲ್ಲ. ಬರದಿದ್ದರೆ ಬದುಕುತ್ತದೆ."

ತನಾಕ ಗಾಳಿ ಎಳೆದುಕೊಳ್ಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು.

ಕಾಕಿ ಮರದ ಕೆಳಗೆ

ಮಧ್ಯಾಹ್ನ ಒಬ್ಬ ಅಜ್ಜನ ಅಂಗಳದಲ್ಲಿ ಹಣ್ಣು ಇಳಿಸುವ ಕೆಲಸ. ಗೆಲುವು ಹತ್ತಿರವಿತ್ತು. ಅದನ್ನು ನಾನೇ ಹಾಳುಮಾಡಿಕೊಂಡೆ.

ಮೊದಲನೆಯ ತಪ್ಪು, ಕೇಳದೆ ಒಂದು ಹಣ್ಣು ಕಚ್ಚಿದ್ದು. ನೋಡಲು ಚೆಂದ, ಒಳಗೆ ಘೋರ ಒಗರು. ಇವರು ಸಿಪ್ಪೆ ತೆಗೆದು, ದಾರಕ್ಕೆ ಕಟ್ಟಿ ಒಣಗಿಸಿ ಆಮೇಲೆ ತಿನ್ನುತ್ತಾರಂತೆ. ನನ್ನ ನಾಲಿಗೆ, ಕೆನ್ನೆ, ಗಂಟಲು ಎಲ್ಲ ಒಂದಕ್ಕೊಂದು ಅಂಟಿಕೊಂಡು ಮಾತೇ ನಿಂತುಹೋಯಿತು. ಮಿಚಿಕೊ ಆ ಅವಕಾಶ ನೋಡಿ ಚಹಾ ಕುಡಿಯಲು ಹೋದರು.

ಬಾಯಿ ಕಟ್ಟಿದರೇನು, ಕೈ ಇದೆಯಲ್ಲ. ಸೀಳು ಬಿದಿರು ತೆಗೆದುಕೊಂಡು ರೆಂಬೆಯನ್ನು ಸಿಕ್ಕಿಸಿ ತಿರುಚುವುದನ್ನು ಹಾನಾ ತೋರಿಸಿಕೊಟ್ಟಳು. ಎರಡು ನಿಮಿಷದಲ್ಲಿ ಕೈಗೆ ಬಂತು. ಮುದುಕರು "ಓ! ಓ!" ಎಂದು ಹೊಗಳಿದರು. ಬುಟ್ಟಿಗಳು ತುಂಬಿದವು. ಎಲ್ಲರೂ ಕೆಲಸ ಮುಗಿಯಿತೆಂದು ಕೈ ತೊಳೆಯಲು ಹೊರಟರು. ತಲೆ ಎತ್ತಿ ನೋಡಿದರೆ ತುತ್ತತುದಿಯಲ್ಲಿ ಒಂದು ಹಣ್ಣು ಹಾಗೆಯೇ ಇದೆ.

ನಮ್ಮಲ್ಲಿ ಮರದ ಮೇಲೆ ಒಂದು ಬಿಡುವುದೆಂದರೆ ಆನೆಗೆ ಕಾಗದ ಬರೆದ ಹಾಗೆ. ಸೆರಗು ಸಿಕ್ಕಿಸಿ, ಏಣಿ ಹತ್ತಿ, ಬಿದಿರನ್ನು ಪೂರ್ತಿ ಚಾಚಿ, ಆ ಒಂದನ್ನೂ ತಿರುಚಿ ಇಳಿಸಿದೆ. ಎತ್ತಿ ತೋರಿಸಿದೆ. ಚಪ್ಪಾಳೆಗೆ ಕಾದೆ.

ಇಡೀ ಅಂಗಳ ಒಟ್ಟಿಗೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡಿತು.

ಓಡಿಬಂದ ಮಿಚಿಕೊ ವಿವರಿಸಿದರು. ಮರದ ತುದಿಯ ಒಂದು ಹಣ್ಣನ್ನು ಯಾರೂ ಕೀಳುವುದಿಲ್ಲ. ಮುಂದಿನ ವರ್ಷವೂ ಫಲ ಕೊಡು ಎಂದು ಮರಕ್ಕೆ ಬಿಡುವುದು, ಹಕ್ಕಿಗಳಿಗೆ ಬಿಡುವುದು. ಅಜ್ಜ "ಪರವಾಗಿಲ್ಲ, ಪರವಾಗಿಲ್ಲ" ಎಂದು ಕೈಯಾಡಿಸುತ್ತಿದ್ದರು. ಕಣ್ಣು ಮಾತ್ರ ಖಾಲಿ ತುದಿಯ ಮೇಲಿತ್ತು. ಹಾನಾ ನನ್ನಿಂದ ಎರಡು ಹೆಜ್ಜೆ ದೂರ ಸರಿದು ನಿಂತಳು.

ಕೊಟ್ಟ ಮಾಲು ಕೆಟ್ಟರೆ ಸರಿಮಾಡಿ ಕೊಡಲು ಅಂಗಡಿಯವಳಿಗೆ ಗೊತ್ತಿರಬೇಕು. ಹಣ್ಣಿನ ತೊಟ್ಟಿಗೆ ಚಿಪ್ಸ್ ಪೊಟ್ಟಣಕ್ಕೆ ಸುತ್ತಿದ್ದ ದಾರ ಕಟ್ಟಿ ಕುಣಿಕೆ ಮಾಡಿದೆ. ಕಾಕಿ ರೆಂಬೆ ಲಟ್ಟನೆ ಮುರಿಯುತ್ತದಂತೆ, ಹತ್ತುವಂತಿಲ್ಲ. ಏಣಿಯ ಮೇಲೆ ನಾನು, ಬಿದಿರಿನ ತುದಿಯಲ್ಲಿ ಹಣ್ಣು, ಕೆಳಗೆ ನಿಂತು "ಎಡಕ್ಕೆ, ಬಲಕ್ಕೆ" ಎಂದು ನಿರ್ದೇಶಿಸಲು ಊರಿನ ಅಷ್ಟೂ ಜನ. ಏಣಿಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೋಡಿದರೆ ತನಾಕ. ಕುಣಿಕೆ ನಾಲ್ಕು ಸಲ ತಪ್ಪಿತು, ಐದನೆಯ ಸಲ ರೆಂಬೆಗೆ ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಕುಕ್ಕಿತು. ನಮ್ಮಲ್ಲಿ ಶ್ರಾದ್ಧದ ದಿನ ಕಾಗೆಗಾಗಿ ಎಷ್ಟು ಕಾಯುತ್ತೇವೆ! ಅಜ್ಜ ಜೋರಾಗಿ ಚಪ್ಪಾಳೆ ತಟ್ಟಿದರು.

ಹಾನಾ ಆಗ ಹತ್ತಿರ ಬಂದಳು, ಆದರೆ ರಾಜಿಗಲ್ಲ. ಇಲ್ಲಿನ ಮಕ್ಕಳು ಟೀಚರಿಗೂ ಲೇಖಕರಿಗೂ 'ಸೆನ್ಸೆ' ಅನ್ನುತ್ತಾರೆ.

"ಸೆನ್ಸೆ, ಕಮಲಿಯೂ ಒಂದೂ ಬಿಡಲಿಲ್ಲವಲ್ಲ. ಪುಸ್ತಕದಲ್ಲಿ ಒಂದು ಬಿಡಬೇಕು."

"ಆಗೋದಿಲ್ಲ. ಹಲಸು ಹಣ್ಣಾದರೆ ವಾಸನೆ ಬರ್ತದೆ. ಆನೆಗೆ ಒಂದೇ ಸಾಕು."

"ಚಿಕ್ಕದೊಂದು?"

"ಚಿಕ್ಕದಕ್ಕೂ ವಾಸನೆ ಉಂಟು."

"ಅರ್ಧ?"

"ಅರ್ಧ ಹಲಸು ಮರದಲ್ಲಿ ನಿಲ್ಲೋದಿಲ್ಲ ಪುಟ್ಟಿ."

ಅವಳು ಸುಮ್ಮನಾದಳು. ವ್ಯಾಪಾರದಲ್ಲಿ ಸುಮ್ಮನಿರುವವನೇ ಗೆಲ್ಲುತ್ತಾನೆ. ಇದನ್ನು ಕಲಿಯಲು ನನಗೆ ಅರ್ಧ ಆಯಸ್ಸು ಬೇಕಾಯಿತು. ಅದನ್ನು ಒಂಬತ್ತು ವರ್ಷಕ್ಕೇ ಕಲಿತವಳ ಎದುರು ಮೊದಲು ಮಾತಾಡಿದ್ದು ನಾನು.

"ಅಂಗಳದ ಮರದಲ್ಲಿ ಬೇಡ. ಬೇಕಾದರೆ ದೂರ, ಕಾಡಿನ ಅಂಚಿನಲ್ಲೊಂದು ಮರ ಇರಲಿ. ಅದನ್ನು ಯಾರೂ ಮುಟ್ಟೋದಿಲ್ಲ. ಅದು ಪೂರ್ತಿ ಆನೆಗೆ."

"ಇಡೀ ಮರ?"

"ಇಡೀ ಮರ."

"ಸರಿ," ಅಂದಳು ಹಾನಾ, ಕೈ ಮುಂದೆ ಮಾಡಿ. ಒಂದು ಹಣ್ಣಿಗೆ ಶುರುವಾದ ವ್ಯಾಪಾರದಲ್ಲಿ ಇಡೀ ಮರ ಕೊಟ್ಟು ಎದ್ದೆ. "ಎಂತ ಮಾರಾಯ್ತಿ ನೀವು, ಹೀಗೆ ಸೋಲೋದಾ?" ಎಂದು ಮಿಚಿಕೊ ನಕ್ಕರು.

ತನಾಕ ಚಿತ್ರಗಳ ಕಟ್ಟು ತೆರೆದು, ಸ್ನೇಹಿತರ ಪುಟವನ್ನು ಹೊರತೆಗೆದು ಮಡಚಿ ಜೇಬಿಗಿಟ್ಟರು. "ಪುಸ್ತಕ ಮಾಡೋಣ. ಆ ದೂರದ ಮರ ಎಲ್ಲಿದೆ, ಹೇಗೆ ಕಾಣುತ್ತದೆ ಎಂದು ಊರಿಗೆ ಹೋಗಿ ಬರೆದು ಕಳಿಸಿ," ಅಂದರು.

ಕರಿಕೆ

ಊರಿಗೆ ಬಂದ ವಾರದಲ್ಲೇ ಕರಿಕೆಯ ಒಂದು ಶಾಲೆಗೆ ಹೋಗುವುದಿತ್ತು. ಕೇರಳದ ಗಡಿಗೆ ಅಂಟಿಕೊಂಡ ಊರು ಅದು, ನಡುವೆ ಒಂದು ಸಣ್ಣ ಹಳ್ಳ, ಅಲ್ಲಿನವರ ಮಾತಲ್ಲಿ ತೋಡು. ಹೊಸ ಮುಕ್ತಾಯವನ್ನು ಅಲ್ಲಿಯೇ ಓದಿದೆ. ಎರಡನೇ ಸಾಲಿನ ಧನ್ಯ ಎದ್ದಳು.

"ಮಿಸ್, ದೂರದ ಮರ ಅಂದ್ರಲ್ಲ, ಯಾರ ಮನೆಯಿಂದ ದೂರ?"

"ಕಮಲಿಯ ಮನೆಯಿಂದ. ಕಾಡಿನ ಅಂಚಲ್ಲಿ."

"ನಮ್ಮನೆ ಕಾಡಿನ ಅಂಚಲ್ಲೇ ಇರೋದು."

"ಧನ್ಯಾ, ಕೂತ್ಕೋ," ಅಂದರು ಟೀಚರ್. ಜಪಾನಿನಲ್ಲಿ ನಾನು ಒಂದು ದೊಡ್ಡ ಮನಸ್ಸಿನ ದಾನ ಮಾಡಿ ಬಂದಿದ್ದೆ, ಈ ಹುಡುಗಿಯ ಅಂಗಳವನ್ನು.

"ಹಾಗಾದ್ರೆ ಮರ ಎಲ್ಲಿಡ್ಲಿ ಹೇಳು," ಅಂದೆ.

"ತೋಡಿನ ಆಚೆ ಇಡಿ ಮಿಸ್. ಆಚೆ ಕೇರಳ ಅಲ್ವಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಸಫಿಯಾ ಎಂಬ ಹುಡುಗಿ ಎದ್ದು ನಿಂತಳು. "ಆಚೆ ನಮ್ಮ ಉಮ್ಮಾಮನ ಮನೆ ಉಂಟು! ನಿಮ್ಮ ಆನೆ ನಮ್ಮ ಅಜ್ಜಿಗೆ ಯಾಕೆ?"

ಆಮೇಲೆ ನಡೆದದ್ದು ನಿಜವಾದ ಚೌಕಾಸಿ. ಮರ ತೋಡು ದಾಟಿತು, ವಾಪಸ್ ಬಂತು, ಫಾರೆಸ್ಟ್ ಆಫೀಸಿನ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಎರಡು ಗುಡ್ಡ ದಾಟಿ, ಯಾರ ಹೊಗೆಯೂ ಕಾಣದ ನಟ್ಟನಡು ಕಾಡಿಗೆ.

"ಅಷ್ಟು ದೂರ ಕಮಲಿ ಹೋಗೋದು ಹೇಗೆ?" ಅಂತ ಕೇಳಿದೆ.

"ಕಮಲಿ ಯಾಕೆ ಹೋಗ್ಬೇಕು ಮಿಸ್?" ಅಂದಳು ಧನ್ಯ.

"ಆನೆಗೆ ದಾರಿ ಗೊತ್ತಲ್ಲ," ಅಂದಳು ಸಫಿಯಾ.

ಅದನ್ನೇ ಬರೆದು ತನಾಕರಿಗೆ ಕಳಿಸಿದೆ. ಪುಸ್ತಕದ ಕೊನೆಯ ಸಾಲು ಈಗ ಅದೇ. ಹುಡುಗಿಯರು ಸುಮ್ಮನೆ ಬಿಡುತ್ತಾರೆಯೇ? ಮಾತು ನಮ್ಮದು, ನಮ್ಮ ಹೆಸರು ಹಾಕಬೇಕು ಎಂದು ಹಿಡಿದರು. ಹಾಕಿಸುತ್ತೇನೆ ಅಂದೆ. ಯಾರದ್ದು ಮೊದಲು ಎಂದು ಜಗಳ ಶುರುವಾಯಿತು. ಜಪಾನಿನಲ್ಲಿ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ, ಹೆಸರುಗಳನ್ನು ಅಕ್ಕಪಕ್ಕದಲ್ಲಿ ಬರೆಯುತ್ತಾರೆ, ಹಾಗಾಗಿ ಮೇಲೂ ಇಲ್ಲ ಕೆಳಗೂ ಇಲ್ಲ ಎಂದು ಹೇಳಿ ಇಬ್ಬರನ್ನೂ ಒಪ್ಪಿಸಿದೆ. ಅವರು ಬಲಗಡೆಯದನ್ನು ಮೊದಲು ಓದುತ್ತಾರೆ ಅನ್ನುವುದನ್ನು ಮಾತ್ರ ಇನ್ನೂ ಹೇಳಿಲ್ಲ.